ಪಿಯೆಟ್ರೊ ಡೆಲ್ಲಾ ವಾಲ್ಲೆ ಕಂಡ ಇಕ್ಕೇರಿ: ಪ್ರವಾಸಿಯ ನೋಟ ಮತ್ತು ಆಕರದ ಬೆಲೆ

ಮೆಡಿಟರೇನಿಯನ್ ಸಮುದ್ರದ ಸುತ್ತಣ ಪುರಾತನ ನಗರಗಳನ್ನು ನೋಡಲು ಹೋಗುವವರಿಗೆ ಅಲ್ಲಿ ದೊರೆಯುವ ಸಂತೋಷದ ಬಹುಪಾಲು ಅವರು ಮೊದಲೇ ಓದಿಕೊಂಡ ಗ್ರಂಥಗಳಿಂದ ಬಂದುದಾಗಿರುತ್ತದೆ. ಬಿ.ಎಂ.ಶ್ರೀ. ಅವರ ‘ಅಶ್ವತ್ಥಾಮನ್’ (1929), ‘ಪಾರಸಿಕರು’ (1935) ನಾಟಕಗಳ ಮೂಲಕ ಗ್ರೀಕ್ ರುದ್ರನಾಟಕದ ಪರಿಚಯ ಪಡೆದ ಕನ್ನಡ ಓದುಗನಿಗೆ ಅಥೆನ್ಸ್ ನಗರದ ಬಯಲು ರಂಗಮಂದಿರವು ಬರಿಯ ಕಲ್ಲುಮೆಟ್ಟಿಲುಗಳ ಸಾಲಾಗಿ ಕಾಣುವುದಿಲ್ಲ. ರೋಮ್, ನೇಪಲ್ಸ್, ಇಸ್ತಾಂಬುಲ್, ಅಲೆಗ್ಸಾಂಡ್ರಿಯಗಳ ಮಾತೂ ಹೀಗೆಯೇ. ಅಲ್ಲಿ ಕಣ್ಣು ನೋಡುವ ಮೊದಲೇ ಓದು ನೋಡಿರುತ್ತದೆ. ಆದರೆ ಅಂಥದೇ ನಗರವೊಂದರಲ್ಲಿ ಹುಟ್ಟಿ ಬೆಳೆದವನೊಬ್ಬ, ಯಾವ ಗ್ರಂಥದಲ್ಲಿಯೂ ತಾನು ಓದಿರದ ಕನ್ನಡನಾಡಿನ ರಾಜಧಾನಿಯೊಂದಕ್ಕೆ ಬಂದಾಗ ಏನನ್ನು ನೋಡುತ್ತಾನೆ? 1623ರಲ್ಲಿ ಇಕ್ಕೇರಿಗೆ ಬಂದ ರೋಮಿನ ಶ್ರೀಮಂತ ಪಿಯೆಟ್ರೊ ಡೆಲ್ಲಾ ವಾಲ್ಲೆಯ ಪತ್ರಗಳು ಈ ಪ್ರಶ್ನೆಯನ್ನು ಕೇಳಲು ಅವಕಾಶ ಮಾಡಿಕೊಡುತ್ತವೆ.

ಕೆಳದಿ ಅರಸರ ಇತಿಹಾಸವನ್ನು ಬರೆದವರೆಲ್ಲರೂ ಈ ಪತ್ರಗಳನ್ನು ಬಳಸಿಕೊಂಡಿದ್ದಾರೆ. ಆದರೆ ಆ ಬಳಕೆ ಬಹುಮಟ್ಟಿಗೆ ರಾಜಕೀಯ ವಿವರಗಳಿಗೆ ಸೀಮಿತವಾದುದು. ಪೋರ್ಚುಗೀಸರೊಡನೆ ನಡೆದ ಮೆಣಸಿನ ವ್ಯವಹಾರ, ಬಂಗರಸನ ಪ್ರಕರಣ, ಹಿರಿಯ ವೆಂಕಟಪ್ಪನಾಯಕನ (1586–1629) ಸ್ಥಾನಮಾನ, ಇಷ್ಟಕ್ಕೆ ಅವನ ಸಾಕ್ಷ್ಯ ಮುಗಿದುಹೋಗುತ್ತದೆ. ಡೆಲ್ಲಾ ವಾಲ್ಲೆಯ ಬರಹದಲ್ಲಿ ಅತ್ಯಂತ ದುರ್ಬಲವಾದ ಭಾಗಗಳು ಇವೇ ಎಂಬುದನ್ನು ಗಮನಿಸಿದವರು ಕಡಿಮೆ. ಅವನಿಗೆ ಇತರರು ವಿವರಿಸಿ ಹೇಳಿದ ಸಂಗತಿಗಳಿಗಿಂತ, ಅರ್ಥವಾಗದೆಯೇ ಅವನು ಕಂಡು ಕೇಳಿ ಬರೆದಿಟ್ಟ ಸಂಗತಿಗಳು ಕನ್ನಡ ಸಂಸ್ಕೃತಿಯ ಅಧ್ಯಯನಕ್ಕೆ ಹೆಚ್ಚು ವಿಶ್ವಾಸಾರ್ಹ ಆಕರಗಳೆಂದು ತೋರುತ್ತದೆ.

ಡೆಲ್ಲಾ ವಾಲ್ಲೆ 1586ರಲ್ಲಿ ರೋಮಿನಲ್ಲಿ ಹುಟ್ಟಿದವನು. ಪ್ರೇಮಭಂಗದಿಂದ ಖಿನ್ನನಾಗಿ ನೇಪಲ್ಸಿಗೆ ಹೋಗಿದ್ದಾಗ ಅಲ್ಲಿಯ ವೈದ್ಯಮಿತ್ರ ಮಾರಿಯೊ ಸ್ಕಿಪಾನೊ ಎಂಬಾತನ ಸಲಹೆಯಂತೆ ಪೂರ್ವದೇಶಗಳ ಯಾತ್ರೆಗೆ ಮನಸ್ಸು ಮಾಡಿದ. 1614ರಲ್ಲಿ ವೆನಿಸ್‌ನಿಂದ ಹಡಗು ಹತ್ತಿದವನು ರೋಮಿಗೆ ಮರಳಿದ್ದು 1626ರಲ್ಲಿ. ಈ ಹನ್ನೆರಡು ವರ್ಷಗಳಲ್ಲಿ ಅವನು ಬರೆದ ಪತ್ರಗಳೆಲ್ಲವೂ ಆ ಸ್ಕಿಪಾನೊನಿಗೇ ಬರೆದವು. ಕಾನ್‌ಸ್ಟಾಂಟಿನೋಪಲ್, ಕೈರೊ, ಜೆರೂಸಲೇಮ್, ಅಲೆಪ್ಪೊಗಳಲ್ಲಿ ಅವನು ನಡೆದುಕೊಂಡ ರೀತಿ ಓದಿಕೊಂಡ ಯಾತ್ರಿಕನದು. ಟ್ರಾಯ್ ನಗರದ್ದೆಂದು ಆಗ ನಂಬಲಾಗಿದ್ದ ಅವಶೇಷಗಳನ್ನು ಹುಡುಕಿಕೊಂಡು ಹೋಗಿ ನೋಡಿದ. ಈಜಿಪ್ಟಿನ ಸಕ್ಕಾರದಲ್ಲಿ ಮಮ್ಮಿಗಳನ್ನು ಕೊಂಡ. ಅವುಗಳಲ್ಲಿ ಎರಡು ಜರ್ಮನಿಯ ಡ್ರೆಸ್ಡನ್ ನಗರದ ಸಂಗ್ರಹವನ್ನು ಸೇರಿವೆ. ತುರ್ಕಿ, ಪಾರಸಿ, ಅರಬ್ಬಿ ಭಾಷೆಗಳನ್ನು ಕಲಿತ. ಬಾಗ್ದಾದಿನಲ್ಲಿ ಮಾನಿ ಎಂಬ ಕ್ರೈಸ್ತ ಕನ್ಯೆಯನ್ನು ವಿವಾಹವಾದ. ಆಕೆ 1621ರ ಕೊನೆಯಲ್ಲಿ ಪಾರಸಿ ದೇಶದ ದಕ್ಷಿಣ ತೀರದ ಸಮೀಪ ತೀರಿಕೊಂಡಾಗ ಅವಳ ದೇಹವನ್ನು ಕೆಡದಂತೆ ಸಂಸ್ಕರಿಸಿ ಪೆಟ್ಟಿಗೆಯಲ್ಲಿಟ್ಟು ತನ್ನೊಡನೆಯೇ ಭಾರತಕ್ಕೆ ತಂದ. ಮುಂದೆ ಬರುವ ಪ್ರಸಂಗವೊಂದನ್ನು ಓದುವಾಗ ಈ ಪೆಟ್ಟಿಗೆಯನ್ನು ನೆನಪಿನಲ್ಲಿಡಬೇಕು.

ಇಕ್ಕೇರಿಗೆ ಅವನು ಬಂದದ್ದು ಸ್ವಂತ ಕಾರ್ಯಕ್ಕಲ್ಲ. ಗೋವೆಯ ಪೋರ್ಚುಗೀಸ್ ಆಡಳಿತ ವೆಂಕಟಪ್ಪನಾಯಕನ ಬಳಿಗೆ ಕಳುಹಿಸಿದ ರಾಯಭಾರಿಯ ಜೊತೆಯಲ್ಲಿ, ಕೇವಲ ನೋಡುವ ಕುತೂಹಲದಿಂದ ಹೊರಟುಬಂದ. ರಾಯಭಾರದ ಯಾವ ಹೊಣೆಯೂ ಅವನ ಮೇಲೆ ಇರಲಿಲ್ಲ. ರಾಯಭಾರಿಯು ಅರಮನೆಯ ಕರೆಗಾಗಿ ಕಾಯುತ್ತಿದ್ದಾಗ, ಮಾತುಕತೆಗಳು ಎಳೆದಾಡುತ್ತಿದ್ದಾಗ ಈತನಿಗೆ ಮಾಡಲು ಕೆಲಸವೇ ಇರಲಿಲ್ಲ. ಸಂಜೆಯ ಹೊತ್ತು ಬೀದಿಗೆ ಹೋಗುತ್ತಿದ್ದ, ಗುಡಿಯ ಮುಂದೆ ನಿಲ್ಲುತ್ತಿದ್ದ. ಅವನ ಪತ್ರಗಳ ಶ್ರೇಷ್ಠ ಭಾಗಗಳು ಹುಟ್ಟಿದ್ದು ಈ ಬಿಡುವಿನಲ್ಲಿ.

ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯ ಗುಂಟ ಗೇರುಸೊಪ್ಪೆಗೆ ಬಂದುದನ್ನು ವರ್ಣಿಸುವಾಗ ಆ ನದಿಯ ಚೆಲುವಿಗೆ ಅವನು ಮನಸೋತಿರುವುದು ಸ್ಪಷ್ಟವಾಗಿದೆ. ಗೇರುಸೊಪ್ಪೆಯಲ್ಲಿ ಅವನಿಗೆ ಕಂಡದ್ದು ಹಾಳುಬಿದ್ದ ನಗರ. ಒಂದು ಕಾಲಕ್ಕೆ ಪ್ರಸಿದ್ಧವಾಗಿದ್ದ ರಾಜಧಾನಿ, ಅರಮನೆಯ ನೆಲೆ, ಈಗ ಮರಗಿಡಗಳಿಂದ ಮುಚ್ಚಿಹೋಗಿದೆ ಎಂದು ಬರೆಯುತ್ತಾನೆ. ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆಯುತ್ತಿದ್ದ ಚೆನ್ನಭೈರಾದೇವಿಯ ಆಳ್ವಿಕೆ 1606ರ ಸುಮಾರಿಗೆ ಕೊನೆಗೊಂಡಿತ್ತು. ಅಂದರೆ ಹದಿನೇಳು ಹದಿನೆಂಟು ವರ್ಷಗಳ ಅವಧಿಯಲ್ಲಿ ಕಾಡು ಊರನ್ನು ನುಂಗಿತ್ತು. ಹಾಳು ನಗರಗಳ ನಡುವೆಯೇ ಬೆಳೆದ ರೋಮನ್ನನ ಕಣ್ಣಿಗೆ ಬಿದ್ದ ಈ ದೃಶ್ಯ ಬೆಲೆಯುಳ್ಳದ್ದು. ಮಲೆನಾಡಿನಲ್ಲಿ ನಗರವೊಂದು ಎಷ್ಟು ಬೇಗ ಅಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ದೊರೆಯುವುದು ಕಷ್ಟ. ಆದರೆ ಅದರ ಬೆನ್ನಿಗೇ ಅವನು ಇನ್ನೊಂದು ಕಥೆ ಹೇಳುತ್ತಾನೆ: ರಾಣಿ ಹೀನಕುಲದ ಪರಸ್ಥಳದವನೊಬ್ಬನಿಗೆ ಒಲಿದಳು, ಅವನಿಗೆ ಅಧಿಕಾರ ಕೊಟ್ಟಳು, ಅವನು ಅವಳಿಗೇ ಎರಡು ಬಗೆದ, ಆ ಸಂದರ್ಭವನ್ನು ವೆಂಕಟಪ್ಪನಾಯಕ ಬಳಸಿಕೊಂಡ. ಇದು ಅವನು ನೋಡಿದ್ದಲ್ಲ, ಅವನಿಗೆ ಹೇಳಿದ್ದು. ಹೇಳಿದವರು ಮೆಣಸಿನ ವ್ಯಾಪಾರದಲ್ಲಿ ಆ ರಾಣಿಯೊಡನೆ ವ್ಯವಹರಿಸಿದವರ ಬಳಗದವರು. ಅರ್ಧ ಶತಮಾನಕ್ಕೂ ಮಿಕ್ಕಿ ಆಳಿದಳೆಂದು ಹೇಳಲಾಗುವ ಜೈನರಾಣಿಯ ರಾಜಕೀಯ ಪತನವನ್ನು ಒಂದು ಪ್ರಣಯಪ್ರಸಂಗಕ್ಕೆ ಇಳಿಸುವ ಈ ಕಥೆಯನ್ನು, ಮರಗಿಡ ಮುಚ್ಚಿದ ಅರಮನೆಯ ವರ್ಣನೆಯಷ್ಟೇ ನಂಬಿಕೆಯಿಂದ ಉದ್ಧರಿಸುತ್ತ ಬಂದಿರುವುದು ಆಕರವಿಮರ್ಶೆಯ ದೃಷ್ಟಿಯಿಂದ ಸರಿಯಲ್ಲ. ಎರಡೂ ಒಂದೇ ಪುಟದಲ್ಲಿರಬಹುದು. ಎರಡರ ತೂಕ ಬೇರೆ.

ಘಟ್ಟ ಹತ್ತುವಾಗ ಅವನಿಗೆ ಇಟಲಿಯ ಅಪೆನ್ನೈನ್ ಪರ್ವತಗಳು ನೆನಪಾಗುತ್ತವೆ. ಮೇಲೆ ಬಂದ ನಂತರ ಗುಡಿಯೊಂದರ ಮೊಗಸಾಲೆಯಲ್ಲಿ ಕಾಲ ಕಳೆಯುತ್ತ ಕುಳಿತಾಗ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಅವನು ಗಮನಿಸಿದ. ನೆಲದ ಮೇಲೆ ನುಣ್ಣನೆಯ ಮರಳು ಹರಡಿದೆ. ಒಬ್ಬನು ಪಾಠದ ಒಂದು ಭಾಗವನ್ನು ರಾಗವಾಗಿ ಹೇಳುತ್ತಾನೆ. ಹೇಳುತ್ತಿರುವಂತೆಯೇ ಬೆರಳಿನಿಂದ ಮರಳಿನ ಮೇಲೆ ಬರೆಯುತ್ತಾನೆ. ಉಳಿದವರೂ ಹಾಡುತ್ತ ಬರೆಯುತ್ತಾರೆ. ನೆಲ ತುಂಬಿದಾಗ ಅಳಿಸಿ ಹೊಸ ಮರಳು ಹಾಕುತ್ತಾರೆ. ಉಪಾಧ್ಯಾಯರಿಲ್ಲದೆ ಮರೆತರೆ ತಿದ್ದುವವರಾರು ಎಂದು ಕೇಳಿದ್ದಕ್ಕೆ, ನಾಲ್ವರೂ ಒಟ್ಟಿಗೇ ಮರೆಯುವುದು ಸಾಧ್ಯವಿಲ್ಲ ಎಂಬ ಉತ್ತರ ಬಂತು. ಈ ಕ್ರಮ ಸುಲಭ, ಭದ್ರ ಎಂದು ಅವನು ಮೆಚ್ಚುತ್ತಾನೆ.

ಮಗ್ಗಿಯನ್ನು ರಾಗವಾಗಿ ಒಪ್ಪಿಸುವ, ಮರಳಿನ ಮೇಲೆ ಅಕ್ಷರ ತಿದ್ದುವ ಪದ್ಧತಿ ಐಗಳ ಮಠಗಳಲ್ಲಿ, ಗಾಂವಠಿ ಶಾಲೆಗಳಲ್ಲಿ ಬಹುಕಾಲ ಉಳಿದುಬಂದುದು ತಿಳಿದ ವಿಷಯ. ಕನ್ನಡದಲ್ಲಿ ಗಣಿತವನ್ನು ಪದ್ಯದಲ್ಲಿ ಬರೆದ ಪರಂಪರೆ 12ನೆಯ ಶತಮಾನದ ರಾಜಾದಿತ್ಯನಷ್ಟು ಹಳೆಯದು. ಆದರೆ ಶಾಸ್ತ್ರಗ್ರಂಥಗಳು ಏನನ್ನು ಕಲಿಸಬೇಕೆಂದು ಹೇಳುತ್ತವೆಯೇ ಹೊರತು ಮಕ್ಕಳು ಹೇಗೆ ಕಲಿತರೆಂದು ಹೇಳುವುದಿಲ್ಲ. ಆ ಕೊರತೆಯನ್ನು ತುಂಬುವ ಈ ಅರ್ಧ ಪುಟ ಕನ್ನಡ ಶಿಕ್ಷಣದ ಚರಿತ್ರೆಯಲ್ಲಿ ಇನ್ನೂ ತಕ್ಕ ಸ್ಥಾನ ಪಡೆದಿಲ್ಲ. ಮಕ್ಕಳು ಹಾಡುತ್ತಿದ್ದ ಮಾತುಗಳು ಡೆಲ್ಲಾ ವಾಲ್ಲೆಗೆ ತಿಳಿಯುವ ಭಾಷೆಯವಲ್ಲ ಎಂಬುದನ್ನು ಮರೆಯಬಾರದು. ಮಾತು ತಿಳಿಯದಿದ್ದುದರಿಂದಲೇ ಅವನು ಬೆರಳನ್ನು, ಮರಳನ್ನು, ರಾಗವನ್ನು ಅಷ್ಟು ಎಚ್ಚರದಿಂದ ನೋಡಿದ.

ಇಕ್ಕೇರಿ ಅವನಿಗೆ ಭವ್ಯವಾಗಿಯೇನೂ ಕಾಣಲಿಲ್ಲ. ವಿಶಾಲವಾದ ಬಯಲಿನಲ್ಲಿರುವ ಊರು, ಅಗಲವಾದ ನೇರ ಬೀದಿಗಳು, ನೆರಳಿನ ಮರಗಳು, ಕೆರೆಗಳು, ತಗ್ಗಾದ ಸಾಧಾರಣ ಮನೆಗಳು, ಕೋಟೆಯ ಹೆಸರಿನಲ್ಲಿ ಕಂದಕ ಮತ್ತು ದಟ್ಟವಾದ ಬಿದಿರ ಮೆಳೆಗಳು. ಕಲ್ಲಿನ ನಗರಗಳಿಂದ ಬಂದವನಿಗೆ ಬಿದಿರಿನ ಕೋಟೆ ದುರ್ಬಲವೆನಿಸಿದ್ದು ಸಹಜ. ಮಲೆನಾಡಿನ ಯುದ್ಧನೀತಿಯಲ್ಲಿ ಬಿದಿರ ಮೆಳೆಗಿದ್ದ ಬೆಲೆ ಅವನಿಗೆ ತಿಳಿಯುವಂತಿರಲಿಲ್ಲ. ವಿಜಯನಗರವನ್ನು ಕಂಡ ವಿದೇಶಿಯರ ಉದ್ಗಾರಗಳನ್ನು ಓದಿ ರೂಢಿಯಾದವರಿಗೆ ಈ ವರ್ಣನೆ ಸಪ್ಪೆಯೆನಿಸಬಹುದು. ವಾಸ್ತವವಾಗಿ ಇಲ್ಲಿ ಒಂದು ಅನುಕೂಲವಿದೆ: ಬೆರಗುಪಡುವ ಅವಸರವಿಲ್ಲದ ಪ್ರವಾಸಿ ಎಣಿಸಿ ನೋಡುತ್ತಾನೆ.

ಅಘೋರೇಶ್ವರ ದೇವಾಲಯದ ವಿವರ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿಯ ದೇವರ ಹೆಸರನ್ನು ಅವನು ‘ಅಗೊರೆಸುವರ’ ಎಂದು ಕೇಳಿಸಿಕೊಂಡಿದ್ದಾನೆ. ವಿಗ್ರಹಕ್ಕೆ ಒಂದು ತಲೆ, ಒಂದೊಂದು ಬದಿಗೆ ಹದಿನಾರರಂತೆ ಮೂವತ್ತೆರಡು ಕೈಗಳು ಎಂದು ಲೆಕ್ಕ ಕೊಡುತ್ತಾನೆ. ಆ ಮೂಲ ವಿಗ್ರಹ ಇಂದು ಗರ್ಭಗುಡಿಯಲ್ಲಿಲ್ಲ. ಉಳಿದಿರುವುದು ಗರ್ಭಗುಡಿಯ ಬಹುಭಾಗವನ್ನು ಆಕ್ರಮಿಸಿರುವ ಬೃಹತ್ ಪೀಠ. ಅದರ ಸುತ್ತ ಕೆತ್ತಿರುವ ಕುಳಿತ ಸ್ತ್ರೀಮೂರ್ತಿಗಳ ಸಂಖ್ಯೆ ಮೂವತ್ತೆರಡು. ಮೂರ್ತಿಶಿಲ್ಪಶಾಸ್ತ್ರವನ್ನು ಅರಿಯದ ಪರದೇಶಿಯ ಎಣಿಕೆಗೂ ಪೀಠದ ಕಲ್ಲಿಗೂ ಇಷ್ಟು ಹೊಂದಿಕೆಯಿರುವುದು ಅವನ ಕಣ್ಣಿನ ಪ್ರಾಮಾಣಿಕತೆಗೆ ಸಾಕಷ್ಟು ಪ್ರಮಾಣವಾಗಿದೆ.

ಕನ್ನಡ ಅಧ್ಯಯನದ ದೃಷ್ಟಿಯಿಂದ ಈ ಪತ್ರಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಒಂದು ಸಂಜೆಯ ದೃಶ್ಯ. ಬೀದಿಯಲ್ಲಿ ಹುಡುಗಿಯರ ಗುಂಪುಗಳು ಹೋಗುತ್ತಿದ್ದವು. ಚೆನ್ನಾಗಿ ಉಟ್ಟು, ಹೂ ಮುಡಿದು, ಎರಡೂ ಕೈಗಳಲ್ಲಿ ಗೇಣುದ್ದದ ಬಣ್ಣದ ದುಂಡು ಕೋಲುಗಳನ್ನು ಹಿಡಿದು, ವಾದ್ಯಗಳ ತಾಳಕ್ಕೆ ಸರಿಯಾಗಿ ಅವುಗಳನ್ನು ಬಡಿಯುತ್ತಿದ್ದರು. ನುರಿತವಳೊಬ್ಬಳು ಹಾಡಿನ ಒಂದು ನುಡಿಯನ್ನು ಹೇಳಿದರೆ ಉಳಿದವರೆಲ್ಲರೂ ಅದರ ಕೊನೆಗೆ ಏಳೆಂಟು ಸಲ ಒಂದೇ ಮಾತನ್ನು ಹೇಳುತ್ತಿದ್ದರು. ಆ ಮಾತನ್ನು ಅವನು ‘ಕೋಲೆ’ ಎಂದು ಬರೆದುಕೊಂಡಿದ್ದಾನೆ. ಅದರ ಅರ್ಥ ತನಗೆ ತಿಳಿಯದೆಂದೂ ಸಂತೋಷವನ್ನು ಸೂಚಿಸುವ ಶಬ್ದವಿರಬೇಕೆಂದೂ ಸೇರಿಸುತ್ತಾನೆ.

ಕನ್ನಡ ಬಲ್ಲವರಿಗೆ ಇಲ್ಲಿ ಟಿಪ್ಪಣಿಯ ಅಗತ್ಯವಿಲ್ಲ. ಕೋಲಾಟದ ಹಾಡುಗಳ ಪಲ್ಲವಿಯಾಗಿ ಇಂದಿಗೂ ಕೇಳಿಬರುವ ‘ಕೋಲೆ’ಯೇ ಇದು. ‘ಕೋಲು’ ಶಬ್ದಕ್ಕೆ ಏಕಾರ ಹತ್ತಿ ಕೊನೆಯ ಸ್ವರ ಎಳೆದು ನಿಲ್ಲುತ್ತದೆ. ಡೆಲ್ಲಾ ವಾಲ್ಲೆಯು ಆ ಕೊನೆಯ ಸ್ವರದ ಮೇಲೆ ಇಟಾಲಿಯನ್ ಬರವಣಿಗೆಯ ಒತ್ತುಗುರುತನ್ನು ಹಾಕಿರುವುದು, ಹಾಡುವಾಗ ಧ್ವನಿ ಎಲ್ಲಿ ಏರಿತೆಂಬುದನ್ನೂ ಕಿವಿಯಲ್ಲಿ ಹಿಡಿದನೆಂಬುದಕ್ಕೆ ಸಾಕ್ಷಿ. ಕನ್ನಡ ಜನಪದ ಹಾಡುಗಳ ವ್ಯವಸ್ಥಿತ ಸಂಗ್ರಹ ಆರಂಭವಾದದ್ದು ಬಹಳ ತಡವಾಗಿ. ಜೆ.ಎಫ್. ಫ್ಲೀಟ್ ಲಾವಣಿಗಳನ್ನು ಪ್ರಕಟಿಸಿದ್ದು 1880ರ ದಶಕದಲ್ಲಿ. ಹಲಸಂಗಿ ಗೆಳೆಯರ ‘ಗರತಿಯ ಹಾಡು’ ಬಂದದ್ದು 1931ರಲ್ಲಿ. ಅದಕ್ಕೂ ಮೂರು ಶತಮಾನಗಳಷ್ಟು ಹಿಂದೆ ಹೆಣ್ಣುಮಕ್ಕಳ ಹಾಡಿನ ಪಲ್ಲವಿಯ ಶಬ್ದ, ಮುಂದಾಳು ಹೇಳಿ ಮೇಳ ಒಪ್ಪುವ ಕ್ರಮ, ಕೋಲಿನ ಅಳತೆ, ಬಣ್ಣ, ಇವಿಷ್ಟೂ ದಾಖಲಾಗಿರುವುದು ಸಣ್ಣ ಸಂಗತಿಯಲ್ಲ. ಕೆಳದಿಯ ಆಸ್ಥಾನದ ಬರಹಗಳಾದ ‘ಶಿವತತ್ತ್ವರತ್ನಾಕರ’, ‘ಕೆಳದಿನೃಪವಿಜಯ’ಗಳ ಆಸಕ್ತಿ ವಂಶ, ಯುದ್ಧ, ಧರ್ಮ, ಶಾಸ್ತ್ರಗಳಲ್ಲಿ. ಬೀದಿಯ ಹುಡುಗಿಯರ ಹಾಡು ಆಸ್ಥಾನಕವಿಗೆ ಬರೆಯಬೇಕಾದಷ್ಟು ಹೊಸದಾಗಿ ಕಂಡಿರಲಾರದು.

ಇನ್ನೊಂದು ವಿವರವನ್ನು ಇಲ್ಲಿ ಪರಿಶೀಲಿಸಬೇಕು. ಇದು ಮಹಾದೇವನ ಮಡದಿ ಗೌರಿಯ ಗೌರವಾರ್ಥ ಮೂರು ದಿನ ಸಂಜೆ ನಡೆಯುವ ಆಚರಣೆಯೆಂದೂ ಆದ್ದರಿಂದಲೇ ಹುಡುಗಿಯರು ಮಾತ್ರ ಇದನ್ನು ಆಚರಿಸುತ್ತಾರೆಂದೂ ಅವನಿಗೆ ಅಲ್ಲಿಯವರು ತಿಳಿಸಿದರು. ಭಾದ್ರಪದದ ಗೌರಿಹಬ್ಬ ನವೆಂಬರಿನಲ್ಲಿ ಬರುವಂತಿಲ್ಲ. ಹೇಳಿದ ಮಾತಿಗೆ ಬೆಲೆ ಕಡಿಮೆಯೆಂಬ ನಿಯಮವನ್ನು ಕುರುಡಾಗಿ ಹಿಡಿದರೆ ಇದನ್ನು ತಪ್ಪು ತಿಳಿವಳಿಕೆಯೆಂದು ತಳ್ಳಿಹಾಕಬೇಕಾದೀತು. ಆದರೆ ಈ ಮಾತನ್ನು ಪಂಚಾಂಗದೊಡನೆ ತಾಳೆ ನೋಡಲು ಸಾಧ್ಯವಿದೆ. ಚಾಂದ್ರಗಣನೆಯಂತೆ 1623ರ ಕಾರ್ತಿಕ ಹುಣ್ಣಿಮೆ ನವೆಂಬರ್ 7ರ ಸುಮಾರಿಗೆ ಬೀಳುತ್ತದೆ. ಡೆಲ್ಲಾ ವಾಲ್ಲೆ ಇಕ್ಕೇರಿಯಲ್ಲಿದ್ದುದು ಅದೇ ತಿಂಗಳಿನಲ್ಲಿ. ಉತ್ತರ ಕರ್ನಾಟಕದಲ್ಲಿ ಕಾರ್ತಿಕ ಹುಣ್ಣಿಮೆಯೇ ಗೌರಿಹುಣ್ಣಿಮೆ. ಬೀಳಗಿ, ಬಾಡಗಂಡಿ, ಜಮಖಂಡಿ, ಮುಧೋಳಗಳ ಕಡೆ ಹೆಣ್ಣುಮಕ್ಕಳು ಹೊಸ ಬಟ್ಟೆ ಉಟ್ಟು, ಸಕ್ಕರೆಯ ಆರತಿ ಹಿಡಿದು, ಹಾಡುತ್ತ ಗೌರಿಗೆ ಬೆಳಗಲು ಹೋಗುವ ಸಂಭ್ರಮವನ್ನು ಕಂಡವರಿಗೆ ಇಕ್ಕೇರಿಯ ಆ ಸಂಜೆ ಅಪರಿಚಿತವೆನಿಸದು. ಹಾಗಾದರೆ 17ನೆಯ ಶತಮಾನದ ಮಲೆನಾಡಿನ ರಾಜಧಾನಿಯಲ್ಲಿಯೂ ಕಾರ್ತಿಕದ ಗೌರಿಯ ಆಚರಣೆ ಇದ್ದಿತೆಂದು ಊಹಿಸಲು ಆಧಾರ ದೊರೆಯುತ್ತದೆ. ಇಂದು ಬಯಲುಸೀಮೆಯ ಹಬ್ಬವೆಂದು ತಿಳಿಯಲಾಗುವ ಗೌರಿಹುಣ್ಣಿಮೆಯ ಹಿಂದಿನ ವ್ಯಾಪ್ತಿಯನ್ನು ಕ್ಷೇತ್ರಕಾರ್ಯದಿಂದ ಗುರುತಿಸುವ ಕೆಲಸ ಆಗಬೇಕಾಗಿದೆ.

ಈ ಸಂದರ್ಭದಲ್ಲಿ ಮೆಡಿಟರೇನಿಯನ್ ಜಗತ್ತಿಗೂ ಕನ್ನಡಕ್ಕೂ ಸಂಬಂಧ ಕಲ್ಪಿಸುವ ಹೆಚ್ಚು ಪ್ರಸಿದ್ಧವಾದ ಇನ್ನೊಂದು ದಾಖಲೆ ನೆನಪಾಗುವುದು ಸ್ವಾಭಾವಿಕ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನದಲ್ಲಿ ಭಾರತೀಯ ಪಾತ್ರಗಳು ಆಡುವ ಅಪರಿಚಿತ ಮಾತುಗಳು ಕನ್ನಡವೆಂದು ಇ. ಹುಲ್ಟ್ಜ್ 1904ರಲ್ಲಿ ಸೂಚಿಸಿದರು. ಆರ್. ಶಾಮಶಾಸ್ತ್ರಿಗಳು ಅದನ್ನು ಬೆಂಬಲಿಸಿದರು, ಎಲ್.ಡಿ. ಬಾರ್ನೆಟ್ ನಿರಾಕರಿಸಿದರು, ಮುಂದೆ ಅದು ತುಳು ಎಂಬ ವಾದವೂ ಬಂದಿತು. ಆ ಪ್ರಹಸನಕಾರನಿಗೆ ಪ್ರೇಕ್ಷಕರನ್ನು ನಗಿಸಬೇಕಾಗಿತ್ತು. ಅವನು ಕೇಳಿದ್ದನ್ನೇ ಬರೆದನೋ ಕೇಳಿದಂತೆ ತೋರುವುದನ್ನು ಕಟ್ಟಿದನೋ ತೀರ್ಮಾನಿಸುವುದು ಕಷ್ಟ. ಒಂದು ನೂರು ವರ್ಷಗಳ ಪಾಂಡಿತ್ಯ ಆ ಅಕ್ಷರಗಳನ್ನು ಒಡೆದು ಜೋಡಿಸುವುದರಲ್ಲಿ ವ್ಯಯವಾಗಿದೆ. ಡೆಲ್ಲಾ ವಾಲ್ಲೆ ಕೊಡುವುದು ಒಂದೇ ಒಂದು ಶಬ್ದ. ಆದರೆ ಅದನ್ನು ಯಾರು, ಯಾವ ಊರಿನಲ್ಲಿ, ಯಾವ ತಿಂಗಳಿನಲ್ಲಿ, ಕೈಯಲ್ಲಿ ಏನು ಹಿಡಿದು, ಎಷ್ಟು ಸಲ ಹೇಳಿದರೆಂಬುದೆಲ್ಲ ಅದರೊಡನೆ ಇದೆ. ಪ್ರಾಚೀನತೆಯ ಮೋಹದಿಂದ ಮೊದಲನೆಯದಕ್ಕೆ ಸಂದ ಗಮನದ ಒಂದಂಶವೂ ಎರಡನೆಯದಕ್ಕೆ ಸಲ್ಲದಿರುವುದು ವಿಚಿತ್ರವೇ ಸರಿ.

ಪತ್ರಗಳಲ್ಲಿ ಅತ್ಯಂತ ಕಠಿಣವಾದ ಪ್ರಸಂಗ ಇದರ ನಂತರದ್ದು. ನವೆಂಬರ್ 12ರ ರಾತ್ರಿ ಬಿಡಾರಕ್ಕೆ ಹಿಂದಿರುಗುವಾಗ, ಗಂಡನನ್ನು ಕಳೆದುಕೊಂಡು ಚಿತೆಯೇರಲು ನಿಶ್ಚಯಿಸಿದ ಹೆಂಗಸೊಬ್ಬಳನ್ನು ಅವನು ಕಂಡ. ಆಕೆ ಕುದುರೆಯ ಮೇಲೆ ಕುಳಿತು ಮುಖ ತೆರೆದುಕೊಂಡು ಊರಿನಲ್ಲಿ ಹೋಗುತ್ತಿದ್ದಳು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು. ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತ ಶೋಕದ ಧ್ವನಿಯಲ್ಲಿ ಏನನ್ನೋ ಹಾಡುತ್ತಿದ್ದಳು. ಮಾಸ್ತಿಕಲ್ಲುಗಳನ್ನು ಅಭ್ಯಾಸ ಮಾಡಿದವರಿಗೆ ಈ ಎರಡು ವಸ್ತುಗಳು ಚಿರಪರಿಚಿತ. ಬಳೆ ತೊಟ್ಟು ಮೇಲೆತ್ತಿದ ಕೈ, ಬೆರಳುಗಳ ನಡುವೆ ನಿಂಬೆಹಣ್ಣು, ಕೆಲವೆಡೆ ಕನ್ನಡಿ. ಕಲ್ಲಿನಲ್ಲಿ ಸಂಕೇತವೆಂದು ಅರ್ಥೈಸುತ್ತ ಬಂದುದನ್ನು ಈ ಪ್ರವಾಸಿ ಬ್ಯಾಂಡಿನಂತೆ ಸದ್ದು ಮಾಡುವ ಮೆರವಣಿಗೆಯ ನಡುವೆ ನಿಜವಾದ ಹೆಂಗಸಿನ ಕೈಯಲ್ಲಿ ಕಂಡಿದ್ದಾನೆ. ಇಲ್ಲಿಯೂ ಅವನಿಗೆ ಸಂಕೇತದ ಅರ್ಥ ಗೊತ್ತಿಲ್ಲ.

ಅವನು ಅಷ್ಟಕ್ಕೇ ಬಿಡಲಿಲ್ಲ. ಕೆಲವು ದಿನಗಳ ನಂತರ ಆಕೆಯನ್ನು ಹುಡುಕಿಕೊಂಡು ಮನೆಗೇ ಹೋದ. ದುಭಾಷಿಗಳ ಮೂಲಕ ಮಾತಾಡಿದ. ಆಕೆ ತೆಲುಗಿನವಳು, ಗಂಡ ವಾದ್ಯ ಬಾರಿಸುತ್ತಿದ್ದವನು, ವಯಸ್ಸು ಮೂವತ್ತರ ಆಸುಪಾಸು. ಎಳೆಯ ಮಕ್ಕಳನ್ನು ಬಿಟ್ಟುಹೋಗಬಾರದೆಂದು ಅವನು ಹೇಳಿನೋಡಿದ. ಯಾರದಾದರೂ ಬಲವಂತವಿದೆಯೇ ಎಂದು ಕೇಳಿದ. ಇಲ್ಲ, ತನ್ನ ಇಚ್ಛೆಯೇ ಎಂಬುದು ಅವಳ ಉತ್ತರ. ಕೊನೆಗೆ ಹೆಸರು ಕೇಳಿದ. ಆಕೆ ಹೇಳಿದ್ದನ್ನು ಅವನು ‘ಜಾಕ್ಕಮಾ’ ಎಂದು ಬರೆದಿಟ್ಟಿದ್ದಾನೆ. ಜಂಗಮ ಶಬ್ದವನ್ನೂ ಅವನು ಇದೇ ಜಕಾರದ ಇಟಾಲಿಯನ್ ಕಾಗುಣಿತದಿಂದ ಬರೆದಿರುವುದರಿಂದ ಈ ಹೆಸರನ್ನು ಜಕ್ಕಮ್ಮ ಎಂದು ಓದುವುದಕ್ಕೆ ಅಡ್ಡಿಯಿಲ್ಲ. ಅವಳ ಹೆಸರು ಲೋಕದಲ್ಲಿ ಉಳಿಯುವಂತೆ ಬರೆಯುವುದಾಗಿ ಅವನು ಮಾತು ಕೊಟ್ಟ.

ಈ ಭಾಗವನ್ನು ಭಾವುಕವಾಗಿ ಓದುವುದು ಸುಲಭ. ಹೆಂಡತಿಯ ದೇಹವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ದೇಶದಿಂದ ದೇಶಕ್ಕೆ ಅಲೆಯುತ್ತಿದ್ದವನು, ಗಂಡನ ಹಿಂದೆ ಹೋಗಲು ಸಿದ್ಧಳಾದವಳನ್ನು ಕಂಡಾಗ ಅವಳಲ್ಲಿ ಬಲವಂತಕ್ಕಿಂತ ಪ್ರೇಮವನ್ನು ಕಾಣುವ ಸಂಭವವೇ ಹೆಚ್ಚು. ಸ್ವಂತ ಇಚ್ಛೆಯೆಂದು ಅವಳು ಹೇಳಿದಾಗ ಸುತ್ತ ಬಂಧುಗಳಿದ್ದರು, ನಡುವೆ ದುಭಾಷಿಯಿದ್ದ, ಊರೆಲ್ಲ ನೋಡುವಂತೆ ಮೆರವಣಿಗೆ ಆಗಲೇ ಆಗಿಹೋಗಿತ್ತು. ಅಂಥಲ್ಲಿ ಬೇರೆ ಉತ್ತರಕ್ಕೆ ಎಡೆಯಿತ್ತೇ ಎಂಬ ಪ್ರಶ್ನೆಯನ್ನು ಅವನು ಕೇಳಿಕೊಳ್ಳಲಿಲ್ಲ. ಆದುದರಿಂದ ‘ಇಚ್ಛೆ’ಯನ್ನು ಕುರಿತ ಅವನ ಮಾತನ್ನು ಸತಿಪದ್ಧತಿಯ ಸಮರ್ಥನೆಗಾಗಲಿ ಅದರ ಸ್ವರೂಪನಿರ್ಣಯಕ್ಕಾಗಲಿ ಆಧಾರ ಮಾಡಿಕೊಳ್ಳುವಂತಿಲ್ಲ. ಕನ್ನಡಿ, ನಿಂಬೆಹಣ್ಣು, ಹಾಡು, ಹೆಸರು, ಇವುಗಳ ಮಾತು ಬೇರೆ. ಶಾಸನವಿಲ್ಲದ ನೂರಾರು ಮಾಸ್ತಿಕಲ್ಲುಗಳಲ್ಲಿ ಕೈ ಇದೆ, ಹೆಸರಿಲ್ಲ. ಇಲ್ಲಿ ಕಲ್ಲಿಲ್ಲ, ಹೆಸರಿದೆ. ಅದೂ ಅರಸುಮನೆಯ ಹೆಂಗಸಿನದಲ್ಲ, ವಾದ್ಯಗಾರನ ಹೆಂಡತಿಯದು.

ಕನ್ನಡದಲ್ಲಿ ಈ ಪತ್ರಗಳನ್ನು ಬಳಸಿದವರು ಸಾಮಾನ್ಯವಾಗಿ ಆಶ್ರಯಿಸಿರುವುದು 1660ರ ದಶಕದಲ್ಲಿ ಜಿ. ಹೇವರ್ಸ್ ಮಾಡಿದ ಇಂಗ್ಲಿಷ್ ಅನುವಾದವನ್ನು. ಅದನ್ನು ಎಡ್ವರ್ಡ್ ಗ್ರೇ ಪರಿಷ್ಕರಿಸಿ ಹಕ್ಲೂಯ್ಟ್ ಸೊಸೈಟಿಯ ಮಾಲೆಯಲ್ಲಿ 1892ರಲ್ಲಿ ಹೊರತಂದರು. ಶಬ್ದಗಳ, ಹೆಸರುಗಳ ವಿಷಯ ಬಂದಾಗ ಈ ಅನುವಾದ ಸಾಲದು. ಒಂದು ಒತ್ತುಗುರುತು ಇರುವುದು ಇಲ್ಲದಿರುವುದು ಇಲ್ಲಿ ನಿರ್ಣಾಯಕವಾಗಬಹುದಾದ್ದರಿಂದ ಇಟಾಲಿಯನ್ ಮೂಲವನ್ನೇ ನೋಡಬೇಕು. ಭಾರತದ ಪತ್ರಗಳ ಆ ಸಂಪುಟ ಅಚ್ಚಾದದ್ದು 1663ರಲ್ಲಿ, ಲೇಖಕ ತೀರಿಕೊಂಡ ಹನ್ನೊಂದು ವರ್ಷಗಳ ಮೇಲೆ.

ಅಷ್ಟರಲ್ಲಿ ಅವನು ಕಂಡ ಇಕ್ಕೇರಿಯೂ ಇರಲಿಲ್ಲ. 1637–38ರ ಹೊತ್ತಿಗೆ ರಣದುಲ್ಲಾಖಾನನ ನೇತೃತ್ವದಲ್ಲಿ ಬಂದ ವಿಜಾಪುರದ ಸೈನ್ಯ ನಗರವನ್ನು ಸೂರೆಮಾಡಿತು. ವೀರಭದ್ರನಾಯಕ ರಾಜಧಾನಿಯನ್ನು ಬಿದನೂರಿಗೆ ಸಾಗಿಸಿದ. ಬಿದಿರ ಮೆಳೆಗಳು, ನೇರ ಬೀದಿಗಳು, ತಗ್ಗು ಮನೆಗಳು ಯಾವುವೂ ಉಳಿಯಲಿಲ್ಲ. ಸಾಗರದ ಸಮೀಪದ ಆ ಹಳ್ಳಿಯಲ್ಲಿ ಅಘೋರೇಶ್ವರನ ಗುಡಿಯೂ ಮೂವತ್ತೆರಡು ಮೂರ್ತಿಗಳ ಪೀಠವೂ ಉಳಿದಿವೆ. ಮಾನಿಯ ಪೆಟ್ಟಿಗೆ ರೋಮಿನ ಅರಾಚೇಲಿ ಇಗರ್ಜಿಯಲ್ಲಿ ಮಣ್ಣು ಸೇರಿತು.